ಮನೆ ಮುಂದಿನ ನಾಲ್ಕಡಿ ಜಾಗ

ಯುಗಾದಿಗೆ ಇನ್ನು ಮೂರು ವಾರ ಇದೆ. ನಮ್ಮ ಬಂಗಾರಪೇಟೆಯ ಹಾರ್ಡ್‌ವೇರ್ ಅಂಗಡಿಗಳ ಮುಂದೆ ಈಗ ಬಣ್ಣದ ಡಬ್ಬಗಳದ್ದೇ ಸಾಲು. "ಮನೆ ಮುಂಭಾಗ ಚೆನ್ನಾಗಿ ಕಾಣಬೇಕು ಅಂದ್ರೆ ಏನು ಮಾಡ್ಬೇಕು, ಎಷ್ಟು ಖರ್ಚಾಗುತ್ತೆ?" ಅಂತ ಈ ತಿಂಗಳಲ್ಲೇ ನಾಲ್ಕೈದು ಮಂದಿ ನನ್ನನ್ನು ಕೇಳಿದ್ದಾರೆ. ನನ್ನ ಉತ್ತರ ಕೇಳಿದರೆ ಬಣ್ಣದ ಅಂಗಡಿಯವರು ಮುನಿಸಿಕೊಂಡಾರು. ಮೊದಲು ಗೋಡೆ ನೋಡಬೇಡಿ, ಬಾಗಿಲಿಂದ ಬೀದಿವರೆಗಿನ ನಾಲ್ಕಡಿ ನೆಲ ನೋಡಿ ಅಂತೀನಿ.

ಇದನ್ನು ನನಗೆ ತೋರಿಸಿಕೊಟ್ಟದ್ದು ಪಕ್ಕದ ಕೆಜಿಎಫ್. 1880ರಲ್ಲಿ ಜಾನ್ ಟೇಲರ್ ಕಂಪನಿ ಅಲ್ಲಿ ಗಣಿ ಕೆಲಸ ಕೈಗೆತ್ತಿಕೊಂಡ ಮೇಲೆ ಊರಲ್ಲಿ ಎರಡು ಥರದ ಮನೆಗಳು ಎದ್ದವು. ಸಾಹೇಬರಿಗೆ ಉದ್ದನೆಯ ವರಾಂಡ, ಹೂವಿನ ತೋಟ ಇರೋ ಬಂಗಲೆ. ಕಾರ್ಮಿಕರಿಗೆ ಒಂದಕ್ಕೊಂದು ಅಂಟಿಕೊಂಡ ಲೈನ್ ಮನೆ. ಮೊದಮೊದಲು ಅವು ಬಿದಿರು ತಟ್ಟಿಯ ಗುಡಿಸಲುಗಳು, ಆಮೇಲೆ ಶೀಟಿನ ಸೂರು. ಬಂಗಲೆಯ ತೋಟ ನೋಡಿಕೊಳ್ಳೋಕೆ ಮಾಲಿ ಇದ್ದ. ಲೈನ್ ಮನೆಯ ಮುಂದೆ ಇದ್ದದ್ದು ನಾಲ್ಕಡಿ ಜಾಗ, ಒಂದು ಪೊರಕೆ, ಒಂದು ಚೊಂಬು ನೀರು.

ಆದರೂ ಚಾಂಪಿಯನ್ ರೀಫ್ಸ್, ಊರಿಗಾಂ, ಮಾರಿಕುಪ್ಪಂ ಕಡೆ ಬೆಳಗ್ಗೆ ಒಂದು ಸುತ್ತು ಹಾಕಿ ನೋಡಿ. ಎಷ್ಟೋ ಮನೆಗಳ ಮುಂದೆ ನೀರು ಚಿಮುಕಿಸಿ ಕೋಲ ಹಾಕಿರುತ್ತೆ. ಪೊಂಗಲ್ ಬಂದರೆ ಗೋಡೆಗೆ ಸುಣ್ಣ, ಡಿಸೆಂಬರ್ ಬಂದರೆ ಕ್ರೈಸ್ತರ ಮನೆ ಬಾಗಿಲಲ್ಲಿ ಕಾಗದದ ನಕ್ಷತ್ರ. ಹಳೆ ಎಣ್ಣೆ ಡಬ್ಬದಲ್ಲಿ ತುಳಸಿ, ಒಡೆದ ಬಕೆಟ್‌ನಲ್ಲಿ ದಾಸವಾಳ. ಮನೆ ಕಂಪನಿಯದು, ಬಾಗಿಲ ಮುಂದಿನ ಜಾಗ ಮಾತ್ರ ನಮ್ಮದು ಅನ್ನೋ ಹಾಗೆ ಅದನ್ನು ನೋಡಿಕೊಂಡು ಬಂದವರು ಅಲ್ಲಿನ ಹೆಂಗಸರು.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಸಂಬಳ ನಿಂತರೂ ಬಹಳ ಜನ ಅದೇ ಮನೆಗಳಲ್ಲಿ ಉಳಿದರು. ಮನೆಯ ಹಕ್ಕುಪತ್ರದ ಮಾತು ಅಂದಿನಿಂದಲೂ ಆ ಲೈನುಗಳಲ್ಲಿ ನಡೀತಾನೇ ಇದೆ. "ಕಾಗದಾನೇ ಕೈಯಲ್ಲಿಲ್ಲ, ಗೋಡೆಗೆ ಯಾಕೆ ದುಡ್ಡು ಹಾಕ್ಲಿ?" ಅಂತ ಅಲ್ಲಿನ ಒಬ್ಬ ಹಿರಿಯರು ಕೇಳಿದಾಗ ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಅವರ ಲೆಕ್ಕ ಸರಿಯಾಗೇ ಇದೆ. ಬಾಡಿಗೆ ಮನೆಯಲ್ಲಿರೋ ನಮ್ಮ ಎಷ್ಟೋ ಓದುಗರ ಪ್ರಶ್ನೆಯೂ ಇದೇ ತಾನೆ?

ಇದಕ್ಕೆ ದಾರಿ ತೋರಿಸಿದ್ದು ಚಾಂಪಿಯನ್ ರೀಫ್ಸ್‌ನಲ್ಲಿರೋ ನಮ್ಮ ದೊಡ್ಡಮ್ಮ. ಅವರದು ಸರಳ ಸೂತ್ರ. ಎತ್ತಿಕೊಂಡು ಹೋಗಬಹುದಾದ್ದಕ್ಕೆ ದುಡ್ಡು ಹಾಕು, ಬಿಟ್ಟು ಹೋಗಬೇಕಾದ್ದಕ್ಕೆ ಮೈಬೆವರು ಹಾಕು. ಅಂದರೆ ಕುಂಡ, ಬಾಗಿಲ ಪರದೆ, ದೀಪ, ಕೂರೋಕೊಂದು ಬೆಂಚು, ಇವಕ್ಕೆ ಖರ್ಚು ಮಾಡಬಹುದು. ಮನೆ ಬಿಟ್ಟರೂ ಜೊತೆಗೆ ಬರುತ್ತವೆ. ಗೋಡೆಗೆ ಸುಣ್ಣ ಸಾಕು.

ಸುಣ್ಣ ಅಂದರೆ ಮೂಗು ಮುರೀಬೇಡಿ. ಹಳೇ ಮಣ್ಣು ಗೋಡೆಗೆ, ಗಾರೆ ಗೋಡೆಗೆ ಅದೇ ಒಳ್ಳೇದು. ಗೋಡೆಯೊಳಗಿನ ತೇವ ಹೊರಗೆ ಹೋಗೋಕೆ ಅದು ಬಿಡುತ್ತೆ. ಪ್ಲಾಸ್ಟಿಕ್ ಬಣ್ಣ ಬಿಡೋದಿಲ್ಲ, ಒಂದೆರಡು ಮಳೆಗಾಲಕ್ಕೆ ಹೊಪ್ಪಳೆ ಏಳುತ್ತೆ. ಸುಣ್ಣದ ಕಲ್ಲನ್ನು ಕಬ್ಬಿಣದ ಡ್ರಮ್ಮಿನ ನೀರಿಗೆ ಸ್ವಲ್ಪ ಸ್ವಲ್ಪವಾಗಿ ಹಾಕಿ ಅರಳಿಸಿ. ಕುದಿಯೋ ಹಾಗೆ ಬಿಸಿಯಾಗುತ್ತೆ, ಅದಕ್ಕೇ ಪ್ಲಾಸ್ಟಿಕ್ ಬಕೆಟ್ ಬೇಡ, ಮಕ್ಕಳು ಹತ್ತಿರ ಸುಳೀಬಾರದು. ಒಂದೆರಡು ದಿನ ಬಿಟ್ಟು ಬಟ್ಟೆಯಲ್ಲಿ ಸೋಸಿ, ಹಾಲಿನಷ್ಟು ತೆಳ್ಳಗೆ ಮಾಡಿ. ಗೋಡೆಗೆ ಮೊದಲು ನೀರು ಹೊಡೆದು ಬಳೀರಿ. ಹಸಿ ಇದ್ದಾಗ ಬಿಳುಪು ಕಾಣಲ್ಲ, ಒಣಗಿದ ಮೇಲೆ ಕಾಣುತ್ತೆ. ಆತುರಪಟ್ಟು ದಪ್ಪಗೆ ಬಳಿದರೆ ಉದುರುತ್ತೆ, ತೆಳ್ಳಗೆ ಎರಡು ಮೂರು ಸಲ ಬಳಿಯೋದೇ ಸರಿ. ಬಳಿಯುವಾಗ ಕಣ್ಣಿಗೆ ಕನ್ನಡಕ ಇರಲಿ. ಎಣ್ಣೆ ಬಣ್ಣದ ಮೇಲೆ ಸುಣ್ಣ ನಿಲ್ಲೋದಿಲ್ಲ ಅನ್ನೋದೂ ನೆನಪಿರಲಿ. ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಒಂದಡಿ ಪಟ್ಟೆ ಎಳೆದುಬಿಡಿ. ನಮ್ಮ ಕೋಲಾರದ ಕೆಂಪು ಧೂಳು, ಮಳೆ ನೀರಿನ ಕೆಸರು ಎರಡೂ ಅದರಲ್ಲಿ ಅಡಗಿಹೋಗುತ್ತವೆ.

ಇನ್ನು ಗಿಡ. ವರ್ಷವಿಡೀ ಹರಿಯೋ ನದಿ ಇಲ್ಲದ ಜಿಲ್ಲೆ ನಮ್ಮದು, ಟ್ಯಾಂಕರ್ ನೀರಿಗೆ ಕಾಯೋರು ನಾವು. ಪಟ್ಟಣದ ಫೋಟೋ ನೋಡಿ ಹುಲ್ಲುಹಾಸು ಆಸೆಪಡಬೇಡಿ. ನಂದಿಬಟ್ಟಲು, ಕಾಗದದ ಹೂ, ಲೋಳೆಸರ ಕಡಿಮೆ ನೀರಲ್ಲಿ ಬದುಕುತ್ತವೆ. ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಅವಕ್ಕೆ ಸಾಕು. ಕಣಗಿಲೆಯೂ ಚೆನ್ನಾಗಿ ಬರುತ್ತೆ, ಆದರೆ ಅದರ ಎಲೆ, ಹೂ ಎಲ್ಲಾ ವಿಷ. ಚಿಕ್ಕ ಮಕ್ಕಳು, ಹಸು ಕರು ಇರೋ ಕಡೆ ಬೇಡ. ಕೆಜಿಎಫ್‌ನವರಿಗೆ ಇನ್ನೊಂದು ಮಾತು. ಸೈನೈಡ್ ದಿಬ್ಬದ ಮಣ್ಣು ನುಣ್ಣಗಿದೆ, ಪುಕ್ಕಟೆ ಸಿಗುತ್ತೆ ಅಂತ ಕುಂಡಕ್ಕೆ, ರಂಗೋಲಿಗೆ ತರಬೇಡಿ. ಅದು ಅದಿರನ್ನು ಪುಡಿಮಾಡಿ, ಸೈನೈಡ್ ಹಾಕಿ ಚಿನ್ನ ತೆಗೆದು ಬಿಸಾಡಿದ ಪುಡಿ. ಗಾಳಿ ಕಾಲದಲ್ಲಿ ಅದು ತಾನಾಗೇ ಮನೆಯೊಳಗೆ ಬರುತ್ತೆ, ನಾವೂ ಹೊತ್ತು ತರೋದು ಬೇಡ. ದಿಬ್ಬದ ಕಡೆಯ ಬಾಗಿಲು ಕಿಟಕಿಗೆ ಒದ್ದೆ ಮಾಡಿದ ಗೋಣಿ ಪರದೆ ಕಟ್ಟಿದರೆ ಧೂಳು ಎಷ್ಟೋ ತಡೆಯುತ್ತೆ.

ಈಗ ನಮ್ಮ ಬಂಗಾರಪೇಟೆಗೆ ಬರ್ತೀನಿ. ಹೊಸ ಬಡಾವಣೆಗಳಲ್ಲಿ ಮುಂಭಾಗಕ್ಕೇ ಲಕ್ಷಗಟ್ಟಲೆ ಸುರೀತಾರೆ. ಹೊಳೆಯೋ ಟೈಲ್ಸ್, ಸ್ಟೀಲ್ ಗೇಟು, ಎದೆಮಟ್ಟದ ಕಾಂಪೌಂಡು. ಕಾರಿಗೆ ಜಾಗ ಬೇಕು ಅಂತ ಜಗಲಿ ಹೋಯ್ತು. ನೆಲ ಪೂರ್ತಿ ಕಾಂಕ್ರೀಟ್ ಆಗಿ ಮಳೆ ನೀರು ಇಂಗೋಕೂ ದಾರಿ ಇಲ್ಲ. ನೋಡೋಕೆ ಚೆಂದವೇ, ಇಲ್ಲ ಅನ್ನಲ್ಲ. ಆದರೆ ಆ ಮನೆಯಲ್ಲಿ ಯಾರಿದ್ದಾರೆ, ಹೇಗಿದ್ದಾರೆ ಅಂತ ಪಕ್ಕದವರಿಗೆ ಗೊತ್ತಾಗೋದು ಹೇಗೆ?

ಹೋದ ವರ್ಷ ದೊಡ್ಡಮ್ಮನ ಲೈನಿನಲ್ಲಿ ನಡೆದದ್ದು ಹೇಳ್ತೀನಿ. ಒಂಟಿಯಾಗಿದ್ದ ಅಜ್ಜಿಯೊಬ್ಬರ ಮನೆ ಮುಂದೆ ಬೆಳಗ್ಗೆ ಏಳೂವರೆಯಾದರೂ ನೀರು ಬಿದ್ದಿರಲಿಲ್ಲ, ನಿನ್ನೆಯ ಕೋಲವೇ ಮಾಸಿ ಬಿದ್ದಿತ್ತು. ಎದುರು ಮನೆಯಾಕೆಗೆ ಅಷ್ಟು ಸಾಕಾಯ್ತು. ಬಾಗಿಲು ತಟ್ಟಿದಳು, ಉತ್ತರ ಇಲ್ಲ. ಹುಡುಗರನ್ನು ಕರೆದು ಬಾಗಿಲು ತೆಗೆಸಿದರೆ, ಸಕ್ಕರೆ ಕಡಿಮೆಯಾಗಿ ಅಜ್ಜಿ ನೆಲದ ಮೇಲೆ ಬಿದ್ದಿದ್ದರು. ಆಸ್ಪತ್ರೆಗೆ ಹೊತ್ತುಕೊಂಡು ಹೋದರು, ಉಳಿದರು. ಈಗ ಮತ್ತೆ ಅವರೇ ಕೋಲ ಹಾಕ್ತಾರೆ, ಕೈ ನಡುಗೋದರಿಂದ ಗೆರೆ ಸ್ವಲ್ಪ ಡೊಂಕು. ಎದೆಮಟ್ಟದ ಕಾಂಪೌಂಡಿನ ಹಿಂದೆ ಆ ಕೋಲ ಇದ್ದಿದ್ದರೆ ಎದುರು ಮನೆಯವಳಿಗೆ ಕಾಣುತ್ತಿತ್ತೇ?

ಹಾಗಂತ ಕಟ್ಟಿದ ಗೋಡೆ ಒಡೀರಿ ಅಂತಲ್ಲ. ಗೇಟು ಹಾಕಿಸೋರು ಬೀದಿ ಕಾಣೋ ಥರ ಸರಳಿನದು ಹಾಕಿಸಿ. ಕಾಂಕ್ರೀಟ್ ಹಾಕೋವಾಗ ಅಂಚಿನಲ್ಲಿ ಒಂದಡಿ ಮಣ್ಣು ಬಿಡಿ, ಗಿಡಕ್ಕೂ ಆಯ್ತು, ನೀರಿಗೂ ಆಯ್ತು. ಚಪ್ಪಡಿ ಕಲ್ಲಿಗೆ ನಮ್ಮ ಜಿಲ್ಲೆಯಲ್ಲಿ ಬರವಿಲ್ಲ. ಗೇಟಿನ ಹೊರಗೆ ಜಾಗ ಇದ್ದು, ಚರಂಡಿಗೆ, ಓಡಾಡೋರಿಗೆ ಅಡ್ಡಿಯಾಗದಿದ್ದರೆ ಎರಡು ಕಲ್ಲಿನ ಮೇಲೆ ಒಂದು ಚಪ್ಪಡಿ ಇಡಿಸಿ. ಸಂಜೆ ತರಕಾರಿ ಚೀಲ ಹೊತ್ತು ಬರೋ ಯಾರೋ ಎರಡು ನಿಮಿಷ ಕೂರ್ತಾರೆ, ಎರಡು ಮಾತಾಡ್ತಾರೆ. ಬಾಗಿಲ ಮೇಲೆ ಬೀದಿಗೂ ಬೀಳೋ ಹಾಗೆ ಒಂದು ಹಳದಿ ಬೆಳಕಿನ ಬಲ್ಬ್ ಇರಲಿ.

ಈ ಭಾನುವಾರ ಒಂದು ಕೆಲಸ ಮಾಡಿ. ಬೀದಿಯ ಆಚೆ ಬದಿಗೆ ಹೋಗಿ ನಿಂತು, ಅಪರಿಚಿತರ ಹಾಗೆ ನಿಮ್ಮ ಮನೆಯನ್ನು ನೋಡಿ. ನಲ್ಲಿ ಹತ್ತಿರದ ಪಾಚಿ, ನೇತಾಡೋ ಕೇಬಲ್ ವೈರು, ಎರಡು ವರ್ಷದಿಂದ ಮೂಲೆಯಲ್ಲಿ ಕೂತಿರೋ ಮುರಿದ ಕುರ್ಚಿ, ಎಲ್ಲಾ ಕಣ್ಣಿಗೆ ಬೀಳುತ್ತೆ. ಅವನ್ನು ತೆಗೆಯೋಕೆ ದುಡ್ಡು ಬೇಡ. ಅಷ್ಟು ಮಾಡಿ ಮುಗಿಸಿದ ಮೇಲೆ ಬೇಕಾದರೆ ಬಣ್ಣದ ಅಂಗಡಿಗೆ ಹೋಗಿ. ನಿಮ್ಮ ಮನೆ ಮುಂದೆ ಕಡಿಮೆ ನೀರಲ್ಲಿ ಚೆನ್ನಾಗಿ ಬಂದ ಗಿಡ ಯಾವುದು ಅಂತ ನನಗೂ ಬರೆದು ತಿಳಿಸಿ. ನಮ್ಮನೆ ಮುಂದೆ ಇನ್ನೊಂದು ಕುಂಡಕ್ಕೆ ಜಾಗ ಇದೆ.