ಕಸುಬು ಕಲಿಸುವ ಹೊಣೆ

ಓದು ಮುಗಿಸಿದ ತರುಣನು ಕೆಲಸ ಬೇಡಿದರೆ ಕಾರಖಾನೆಯವರು ಅನುಭವವನ್ನು ಕೇಳುವರು. ಕೆಲಸವೇ ದೊರೆಯದವನಿಗೆ ಅನುಭವವು ಎಲ್ಲಿಂದ ಬರಬೇಕು? ಈ ಗಂಟನ್ನು ಬಿಚ್ಚುವ ದಾರಿಯನ್ನು 1961ರ ಅಪ್ರೆಂಟಿಸ್ ಕಾಯಿದೆಯು ತೋರಿಸಿತು. ಮೂವತ್ತು ಜನರೂ ಅದಕ್ಕೂ ಹೆಚ್ಚಿನವರೂ ದುಡಿಯುವ ಸಂಸ್ಥೆಯು, ಗುತ್ತಿಗೆಯವರೂ ಸೇರಿದ ತನ್ನ ಕೆಲಸಗಾರರ ಸಂಖ್ಯೆಯ ಶೇಕಡಾ 2.5ರಿಂದ 15ರಷ್ಟು ಉಮೇದುವಾರರಿಗೆ ಕಸುಬು ಕಲಿಸತಕ್ಕದ್ದೆಂದು 2019ರ ತಿದ್ದುಪಡಿ ನಿಯಮಗಳು ವಿಧಿಸಿದವು. ಶಿಷ್ಯವೇತನದ ಕಾಲುಭಾಗವನ್ನು, ತಿಂಗಳಿಗೆ 1,500 ರೂಪಾಯಿ ಮೀರದಂತೆ, ಕೇಂದ್ರ ಸರಕಾರವೇ ಭರಿಸುವ ಏರ್ಪಾಡನ್ನು 2016ರ ಯೋಜನೆಯು ಮಾಡಿತು. ಆದುದರಿಂದ ಇದು ಒಡೆಯರ ದಾನವಲ್ಲ, ತೀರಿಸಬೇಕಾದ ಋಣ.

ಕರ್ನಾಟಕ ಸರಕಾರವು 2024ರ ಜನವರಿಯಲ್ಲಿ ಯುವನಿಧಿಯನ್ನು ಆರಂಭಿಸಿ, ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿ ಕೊಡತೊಡಗಿತು. ಹಸಿದವನಿಗೆ ಅದು ಆಸರೆಯೇ ಸರಿ. ಆದರೆ ಅದರ ಅವಧಿ ಎರಡೇ ವರ್ಷ. ಕೈಗೆ ಹತ್ತಿದ ಕಸುಬು ಬಾಳಿನುದ್ದಕ್ಕೂ ಅನ್ನವಿಕ್ಕುವುದು.

ಹಾಗೆಂದು ಉಮೇದುವಾರನಿಂದ ಕಸ ಗುಡಿಸಿಸಿ, ಮೂಟೆ ಹೊರಿಸಿ ಅವಧಿಯನ್ನು ಕಳೆದರೆ ಅದು ಶಿಕ್ಷಣವಲ್ಲ, ಅಗ್ಗದ ದುಡಿಮೆ. ಯಂತ್ರದ ಮರ್ಮವನ್ನೂ ಅದರ ಅಪಾಯವನ್ನೂ ನಮ್ಮ ಮಕ್ಕಳಿಗೆ ತಿಳಿಯುವ ಕನ್ನಡದಲ್ಲಿ ಹೇಳಿಕೊಡುವ ಮೇಸ್ತ್ರಿಯಿರಬೇಕು. ಕಲಿತುದನ್ನು ಪರೀಕ್ಷಿಸುವ ಅಧಿಕಾರಿಯಿರಬೇಕು.

ಕಾರಖಾನೆಯ ಒಡೆಯರೇ, ಬಾಗಿಲು ತೆರೆಯಿರಿ! ತರುಣ ತರುಣಿಯರೇ, ಕೈಗೆ ಮಸಿ ಹತ್ತೀತೆಂದು ಹಿಂಜರಿಯಬೇಡಿರಿ! ದುಡಿವ ಕೈಯೇ ನಾಡಿನ ನಿಜವಾದ ಸಂಪತ್ತು.