ಮನೆಯ ಮೊಬೈಲ್ ಯಾರ ಕೈಯಲ್ಲಿದೆ?

ಕಳೆದ ಮಳೆಗಾಲದಲ್ಲಿ ಸಂಬಂಧಿಕರೊಬ್ಬರನ್ನು ಕಾಣಲು ಹೂವಿನ ಹಡಗಲಿ ತಾಲೂಕಿನ ಇಟ್ಟಿಗಿಗೆ ಹೋಗಿದ್ದೆವು. ನಮ್ಮ ಕರಾವಳಿಯಿಂದ ಘಟ್ಟ ಹತ್ತಿ ಹೋಗಿ, ಅಲ್ಲಿ ಬೇಕರಿ ಇಟ್ಟುಕೊಂಡು ಬದುಕು ಕಟ್ಟಿಕೊಂಡ ಕುಟುಂಬ ಅದು. ಮನೆಯ ಮಗಳು ಪಿಯುಸಿ ಮುಗಿಸಿ ಎರಡು ವರ್ಷ ಆಗಿತ್ತು. ಮುಂದೆ ಓದಬೇಕೆಂದರೆ ದಿನಾ ಬಸ್ಸು ಹತ್ತಿ ಹಡಗಲಿಗೆ ಹೋಗಬೇಕು. ‘ಓದುವುದು ಬೇಡ’ ಎಂದು ಯಾರೂ ಬಾಯಿಬಿಟ್ಟು ಹೇಳಿಲ್ಲ. ‘ನೋಡುವಾ, ನೋಡುವಾ’ ಎನ್ನುತ್ತಲೇ ಎರಡು ವರ್ಷ ಕಳೆದುಹೋಗಿದೆ.

ರಾತ್ರಿ ಹತ್ತರ ಮೇಲೆ ಅಣ್ಣ ಅಂಗಡಿ ಮುಚ್ಚಿ ಬಂದು ಮೊಬೈಲ್ ಚಾರ್ಜಿಗಿಟ್ಟು ಮಲಗಿದ. ಅವಳು ಅದನ್ನು ಹಿಡಿದುಕೊಂಡು ಅಡುಗೆಮನೆಯ ಮೂಲೆಯಲ್ಲಿ ಕೂತಳು. ಸೀರಿಯಲ್ ನೋಡುತ್ತಿರಬಹುದು ಎಂದುಕೊಂಡೆವು. ಹತ್ತಿರ ಹೋಗಿ ನೋಡಿದರೆ ಮನಃಶಾಸ್ತ್ರದ ಪಾಠ! ಮಡಿಲಲ್ಲಿ ಹಳೆಯ ನೋಟ್‌ಬುಕ್, ಅರ್ಥವಾಗದ ಇಂಗ್ಲಿಷ್ ಪದಗಳ ಕೆಳಗೆ ಗೆರೆ. ‘ಇದರಿಂದ ಏನು ಸಿಗ್ತದೆ ಮಗಳೇ?’ ಎಂದು ಕೇಳಿದೆವು. ‘ಏನೂ ಸಿಗದಿದ್ರೂ ಪರವಾಗಿಲ್ಲ. ಮನುಷ್ಯರಿಗೆ ಸಿಟ್ಟು ಯಾಕೆ ಬರ್ತದೆ ಅಂತ ಗೊತ್ತಾಗ್ತದಲ್ಲ’ ಎಂದಳು. ಪಾಠ ಪುಕ್ಕಟೆ. ಆದರೆ ಮೊಬೈಲ್ ಅವಳ ಕೈಗೆ ಸಿಗುವುದು ಎಲ್ಲರೂ ಮಲಗಿದ ಮೇಲೆ.

ಹಿಂದಿನವರಿಗೆ ಇಷ್ಟೂ ಇರಲಿಲ್ಲ. 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಅವರಿಗೆ ಇನ್ನೂ ಓದಬೇಕೆಂಬ ಆಸೆ ಇತ್ತು. ಹೆಣ್ಣುಮಕ್ಕಳು ಹೆಚ್ಚು ಓದುವುದನ್ನು ಅಂದಿನ ಸಮಾಜ ಒಪ್ಪುತ್ತಿರಲಿಲ್ಲ. ಗ್ರಂಥಾಲಯವೊಂದರ ಸದಸ್ಯತ್ವ ಅವರಿಗೆ ಸಿಕ್ಕಿದ್ದೇ 1963ರಲ್ಲಿ. ಮುಂದೆ ‘ಚಂದ್ರಗಿರಿಯ ತೀರದಲ್ಲಿ’ ಬರೆದ ಲೇಖಕಿಗೆ ಪುಸ್ತಕದ ಬಾಗಿಲು ತೆರೆಯಲು ಅಷ್ಟು ಕಾಯಬೇಕಾಯಿತು. ಇಂದು ಗ್ರಂಥಾಲಯವೂ ತರಗತಿಯೂ ನಮ್ಮ ಮನೆಯ ಮೊಬೈಲಿನೊಳಗೇ ಇವೆ. ನಾವು ಅದರಲ್ಲಿ ಮದುವೆಯ ವಿಡಿಯೋ, ವಾಟ್ಸ್ಆ್ಯಪ್ ಸ್ಟೇಟಸ್ ನೋಡಿ ಮುಚ್ಚಿಡುತ್ತೇವೆ.

ಏನೆಲ್ಲ ಇದೆ ಎಂದು ಒಮ್ಮೆ ಲೆಕ್ಕ ಹಾಕೋಣ. ದೇಶದ ಏಳು ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ 2003ರಲ್ಲಿ ಎನ್‌ಪಿಟಿಇಎಲ್ ಆರಂಭಿಸಿದವು. ಅಲ್ಲಿ ಇಂಜಿನಿಯರಿಂಗ್ ಒಂದೇ ಅಲ್ಲ; ಮನಃಶಾಸ್ತ್ರ, ಅರ್ಥಶಾಸ್ತ್ರ, ಸಾಹಿತ್ಯ, ತತ್ವಶಾಸ್ತ್ರ ಎಲ್ಲ ಇವೆ. ಕೇಂದ್ರ ಸರಕಾರ 2017ರ ಜುಲೈನಲ್ಲಿ ‘ಸ್ವಯಂ’ ತಂದಿತು. ಒಂಬತ್ತನೇ ತರಗತಿಯಿಂದ ಸ್ನಾತಕೋತ್ತರ ಹಂತದವರೆಗಿನ ಪಾಠಗಳು ಅದರಲ್ಲಿವೆ. ಪಾಠ ಕೇಳಲು ದುಡ್ಡಿಲ್ಲ. ಸರ್ಟಿಫಿಕೇಟ್ ಬೇಕಾದವರು ಮಾತ್ರ ಶುಲ್ಕ ಕಟ್ಟಿ ಪರೀಕ್ಷೆ ಬರೆದರಾಯಿತು. ಮೊಬೈಲ್ ಸಿಗದ ಮನೆಗೆ ‘ಸ್ವಯಂ ಪ್ರಭಾ’ ಟಿವಿ ಚಾನೆಲ್‌ಗಳಿವೆ. ಶಾಲೆಯ ಮಕ್ಕಳಿಗೆ ‘ದೀಕ್ಷಾ’ ಇದೆ; ಪಠ್ಯಪುಸ್ತಕದಲ್ಲಿ ಅಚ್ಚಾದ ಕ್ಯೂಆರ್ ಕೋಡ್ ಇರುವುದು ಅದಕ್ಕೇ. ಸಲ್ಮಾನ್ ಖಾನ್ ಎಂಬವರು (ಸಿನಿಮಾದವರಲ್ಲ!) 2004ರಲ್ಲಿ ದೂರದ ಊರಿನಲ್ಲಿದ್ದ ಸಂಬಂಧಿ ಹುಡುಗಿಗೆ ಗಣಿತ ಹೇಳಿಕೊಡಲು ಹೊರಟದ್ದೇ ಮುಂದೆ ಖಾನ್ ಅಕಾಡೆಮಿ ಆಯಿತು. ಅದರ ಗಣಿತ ಪಾಠಗಳು ಕನ್ನಡದಲ್ಲೂ ಇವೆ. ಆದರೆ ಕಾಲೇಜು ಮಟ್ಟದ ಹೆಚ್ಚಿನ ಪಾಠಗಳು ಇಂಗ್ಲಿಷಿನಲ್ಲೇ ಇವೆ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಮೊದಲ ಎರಡು ವಾರ ಕಷ್ಟವೇ.

ಇಲ್ಲಿ ಎರಡು ಅಪಾಯಗಳನ್ನು ಹೇಳಲೇಬೇಕು. ಒಂದು, ಪುಕ್ಕಟೆಯ ಹೆಸರಲ್ಲಿ ಕರೆದು, ಮಾತಾಡಿ ಮರುಳು ಮಾಡಿ, ಕೊನೆಗೆ ಕಂತಿನ ಸಾಲದಲ್ಲಿ ಕೋರ್ಸ್ ಮಾರುವವರೂ ಇದ್ದಾರೆ. ಉಮ್ಮ-ಬಾಪಂದಿರು ಓಟಿಪಿ ಕೊಡುವ ಮೊದಲು ತಿಳಿದವರೊಬ್ಬರನ್ನು ಕೇಳಿ.

ಇನ್ನೊಂದು ನಮ್ಮೊಳಗಿನದ್ದು, ದೊಡ್ಡದು. ‘ಈಗ ಎಲ್ಲ ಆನ್‌ಲೈನಲ್ಲೇ ಸಿಗ್ತದಲ್ಲ, ಹುಡುಗಿ ಮನೆಯಲ್ಲೇ ಕಲಿಯಲಿ’ ಎಂಬ ಮಾತು ನಮ್ಮ ಮನೆಗಳಲ್ಲಿ ಕೇಳಿಬರುತ್ತಿದೆ. ಇದನ್ನು ನಾವು ಒಪ್ಪುವುದಿಲ್ಲ. ಪ್ರಯೋಗಾಲಯ, ಗೆಳತಿಯರು, ಎದುರು ನಿಂತು ಪ್ರಶ್ನೆ ಕೇಳುವ ಧೈರ್ಯ, ಕೈಗೆ ಬರುವ ಪದವಿ, ಇವನ್ನು ವಿಡಿಯೋ ಕೊಡುವುದಿಲ್ಲ. ಯುಜಿಸಿ ಕೂಡ ಒಂದು ಸೆಮಿಸ್ಟರಿನ ಪಾಠಗಳಲ್ಲಿ ಶೇ. 40ರವರೆಗೆ ಮಾತ್ರ ‘ಸ್ವಯಂ’ ಮೂಲಕ ಪಡೆಯಲು ಬಿಟ್ಟಿದೆ. ಆನ್‌ಲೈನ್ ಪಾಠ ಕಾಲೇಜಿನ ಜೊತೆಗೆ ಇರಲಿ, ಕಾಲೇಜು ಬಿಡಿಸಲು ನೆಪವಾಗದಿರಲಿ. ನಿಜವಾಗಿಯೂ ಹೋಗಲಾಗದ ಪರಿಸ್ಥಿತಿ ಇದ್ದರೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಇದೆ. ಮನೆಯಲ್ಲಿದ್ದುಕೊಂಡೇ ಪದವಿ ಓದಬಹುದು.

ಹಾಗಾದರೆ ಪುಕ್ಕಟೆ ಪಾಠ ಯಾರಿಗೆ? ಎಲ್ಲರಿಗೂ. ಮದುವೆಯಾಗಿ ಓದು ನಿಂತ ಸೊಸೆಗೆ, ಗಲ್ಫಿನ ರೂಮಿನಲ್ಲಿ ಶುಕ್ರವಾರ ಮಧ್ಯಾಹ್ನ ಹೊತ್ತು ಹೋಗದೆ ಕೂತ ಮಗನಿಗೆ, ವ್ಯಾಪಾರದ ಲೆಕ್ಕ ಬಾಯಲ್ಲೇ ಮಾಡುವ ಬಾಪನಿಗೆ. ಕೆಲಸ ಸಿಗುವ ವಿಷಯವನ್ನೇ ಕಲಿಯಬೇಕೆಂದಿಲ್ಲ. ನಕ್ಷತ್ರಗಳ ಬಗ್ಗೆ, ಇತಿಹಾಸದ ಬಗ್ಗೆ, ಬೀಳುವ ಮಳೆಯ ಬಗ್ಗೆ ಕುತೂಹಲಕ್ಕಾಗಿ ಕಲಿತರೂ ಅದು ಕಲಿಕೆಯೇ. ಮನೆಯಲ್ಲಿ ಮಾತಾಡುವ ವಿಷಯ ಬದಲಾಗುತ್ತದೆ.

‘ಮಕ್ಕಳ ಕೈಗೆ ಮೊಬೈಲ್ ಕೊಟ್ಟರೆ ಹಾಳಾಗ್ತಾರೆ’ ಎನ್ನುವ ಭಯ ಸುಳ್ಳಲ್ಲ. ಅದಕ್ಕೆ ಮದ್ದು ಮೊಬೈಲನ್ನು ಅಡಗಿಸಿಡುವುದಲ್ಲ, ಪಕ್ಕದಲ್ಲಿ ಕೂರುವುದು. ನಾವು ಹೇಳುವುದು ಇಷ್ಟೇ. ದಿನಕ್ಕೆ ಒಂದು ಗಂಟೆ, ಮಗ್ರಿಬ್ ಆದ ಮೇಲೆ ಇರಲಿ, ಇಶಾ ಆದ ಮೇಲೆ ಇರಲಿ, ಮನೆಯ ಒಂದು ಮೊಬೈಲ್ ಕಲಿಯುವವರದ್ದು. ಆ ಹೊತ್ತಿನಲ್ಲಿ ಕರೆ ಬಂದರೆ ಆಮೇಲೆ ಮಾತಾಡುವಾ. ಒಂದೇ ಕೋರ್ಸ್ ಹಿಡಿಯಿರಿ. ‘ಸ್ವಯಂ’ನಲ್ಲಿ ನಾಲ್ಕು ವಾರದ್ದೂ ಇವೆ, ಹನ್ನೆರಡು ವಾರದ್ದೂ ಇವೆ. ಚಿಕ್ಕದರಿಂದ ಶುರುಮಾಡಿ, ಮುಗಿಸಿ, ಮತ್ತೆ ಮುಂದಿನದ್ದು. ಹತ್ತಕ್ಕೆ ಹೆಸರು ಕೊಟ್ಟು ಒಂದನ್ನೂ ಮುಗಿಸದಿರುವ ಚಾಳಿ ನಮಗೂ ಇತ್ತು, ಅದಕ್ಕೇ ಹೇಳುತ್ತಿದ್ದೇವೆ.

ಇಟ್ಟಿಗಿಯಿಂದ ಹೊರಡುವ ದಿನ ಆ ಹುಡುಗಿಯ ಬಾಪನ ಹತ್ತಿರ ಎರಡು ಮಾತು ಹೇಳಿ ಬಂದೆವು. ಮೊಬೈಲ್ ಎಂಟು ಗಂಟೆಗೆ ಅವಳ ಕೈಗೆ ಸಿಗಲಿ, ಬರುವ ಜೂನ್‌ನಲ್ಲಿ ಹಡಗಲಿಯ ಬಸ್ಸಿನಲ್ಲಿ ಅವಳಿಗೊಂದು ಸೀಟು ಸಿಗಲಿ ಎಂದು. ಅವರು ತಕ್ಷಣ ಒಪ್ಪಲಿಲ್ಲ. ‘ನೋಡುವಾ’ ಎಂದೇ ಅಂದರು. ಆದರೆ ಮೊನ್ನೆ ಫೋನ್ ಮಾಡಿ, ಕಾಲೇಜಿನ ಅರ್ಜಿ ಯಾವಾಗ ಕೊಡ್ತಾರೆ ಎಂದು ಅವರೇ ಕೇಳಿದರು.