ಹೆಗಲ ಕೀಲು ಮತ್ತೆ ಮತ್ತೆ ತಪ್ಪಿದರೆ

ಬಂದರಿನಲ್ಲಿ ಮೂಟೆ ಹೊರುವವನ ಹೆಗಲ ಕೀಲು ತಪ್ಪಿತೆನ್ನಿ. ಜತೆಯವರು ಎಳೆದು ಕೂರಿಸುತ್ತಾರೆ, ಇಲ್ಲವೆ ನಾಟಿ ವೈದ್ಯರಲ್ಲಿಗೆ ಹೋಗುತ್ತಾನೆ. ನಾಲ್ಕು ದಿನ ಕೈ ಕಟ್ಟಿಕೊಂಡಿದ್ದು ಐದನೆಯ ದಿನ ಮತ್ತೆ ಮೂಟೆಗೆ ಹೆಗಲು ಕೊಡುತ್ತಾನೆ. ಕೂಲಿ ಇಲ್ಲದೆ ಒಲೆ ಉರಿಯದು. ಕೆಲವು ತಿಂಗಳಲ್ಲಿ ಕೀಲು ಪುನಃ ತಪ್ಪುತ್ತದೆ. ಆಮೇಲೆ ಅಂಗಿ ತೊಡುವಾಗಲೂ ತಪ್ಪುತ್ತದೆ. ‘ಅವನದು ಸಡಿಲ ಕೈ’ ಎಂದು ಮೇಸ್ತ್ರಿ ಕರೆಯುವುದನ್ನೇ ಬಿಡುತ್ತಾನೆ.

ಕೀಲಿನ ಕಟ್ಟು ಸಡಿಲವಾದದ್ದು ಮಾತ್ರವಲ್ಲ, ಎಷ್ಟೋ ಮಂದಿಗೆ ಎಲುಬೇ ಸವೆದಿರುತ್ತದೆ. ಹೆಗಲಿನ ಗುಳಿ ಆಳವಾದ ಬಟ್ಟಲಲ್ಲ, ಚಿಕ್ಕ ತಟ್ಟೆ. ಅದರ ಮೇಲೆ ಕೂರುವ ತೋಳೆಲುಬಿನ ಗುಂಡು ದೊಡ್ಡದು. ಗುಂಡು ಮುಂದಕ್ಕೆ ಜಾರಿದಾಗಲೆಲ್ಲ ತಟ್ಟೆಯ ಮುಂದಿನ ಅಂಚು ಮುರಿಯಬಹುದು, ತೇಯಬಹುದು. ಅದೇ ಅಂಚು ಗುಂಡಿನ ಹಿಂಬದಿಯಲ್ಲಿ ಒಂದು ಕುಳಿ ಮಾಡುತ್ತದೆ. ಈ ಕುಳಿಯನ್ನು ಹಿಲ್ ಮತ್ತು ಸ್ಯಾಕ್ಸ್ ಎಂಬ ಅಮೆರಿಕದ ಎಕ್ಸ್‌ರೇ ವೈದ್ಯರಿಬ್ಬರು 1940ರಲ್ಲಿಯೇ ವಿವರಿಸಿದ್ದರು. ಕಬಡ್ಡಿ ಆಡುವ ನಮ್ಮ ಹುಡುಗರಿಗೂ ಇದೇ ಗತಿ. ಇಪ್ಪತ್ತರೊಳಗೆ ಒಮ್ಮೆ ತಪ್ಪಿದರೆ ಮತ್ತೆ ತಪ್ಪುವ ಸಂಭವ ಹೆಚ್ಚು.

ಕೀಲು ತಪ್ಪಿದೆಯೋ ಕೂತಿದೆಯೋ ನೋಡಲು ಎಕ್ಸ್‌ರೇ ಬೇಕೇ ಬೇಕು. ಆದರೆ ಅದರಲ್ಲಿ ಎಲುಬುಗಳು ಒಂದರ ಮೇಲೊಂದು ಬಿದ್ದು ಕಾಣುತ್ತವೆ. ಅಂಚು ಎಷ್ಟು ಹೋಗಿದೆ ಎಂಬುದರ ಲೆಕ್ಕ ಸರಿಯಾಗಿ ಸಿಗದು. ಸಿ.ಟಿ. ಯಂತ್ರದ ಚಿತ್ರದಲ್ಲಿಯಾದರೋ ಗುಂಡನ್ನು ಅಳಿಸಿ, ತಟ್ಟೆಯನ್ನು ಎದುರಿನಿಂದ ನೋಡಬಹುದು. ತಟ್ಟೆಯ ಕೆಳಭಾಗ ಹೆಚ್ಚುಕಡಿಮೆ ವೃತ್ತಾಕಾರ. ಅದರ ಮೇಲೊಂದು ವೃತ್ತ ಎಳೆದರೆ ಕೊರತೆ ಎಷ್ಟೆಂದು ಅಳತೆ ಸಿಕ್ಕಿತು. ತೂಗದೆ ಬೆಲೆ ಹೇಳಬಾರದೆಂದು ಅಂಗಡಿಯವರಿಗೆ ನಾವು ಕಲಿಸಬೇಕೆ?

ಈ ಅಳತೆ ಏಕೆ ಬೇಕು? ಬರ್ಕ್‌ಹಾರ್ಟ್ ಮತ್ತು ಡಿ ಬೀರ್ ಎಂಬ ಶಸ್ತ್ರವೈದ್ಯರು 2000ದಲ್ಲಿ ಪ್ರಕಟಿಸಿದ ಲೆಕ್ಕ ನೋಡಿ. ಹರಿದ ಕಟ್ಟನ್ನು ಹೊಲಿದ ಬಳಿಕ, ಎಲುಬು ದೊಡ್ಡದಾಗಿ ಕೆಡದವರಲ್ಲಿ ನೂರಕ್ಕೆ 4 ಮಂದಿಗೆ ತೊಂದರೆ ಮರುಕಳಿಸಿತು. ಕೆಟ್ಟವರಲ್ಲಿ ನೂರಕ್ಕೆ 67 ಮಂದಿಗೆ! ತಟ್ಟೆಯ ಅಗಲದಲ್ಲಿ ಐದನೆಯ ಒಂದಂಶದಿಂದ ನಾಲ್ಕನೆಯ ಒಂದಂಶದವರೆಗೆ ಹೋಗಿದ್ದರೆ ಹೊಲಿಗೆಯೊಂದೇ ನಿಲ್ಲದು, ಎಲುಬಿನ ತುಂಡನ್ನೇ ಕೂರಿಸಬೇಕು ಎಂಬುದು ವೈದ್ಯರಲ್ಲಿ ರೂಢಿಯಾದ ಮಾತು. ಫ್ರಾನ್ಸಿನ ಲಾಟಾರ್ಜೆ 1954ರಲ್ಲಿ ತೋರಿಸಿದ ಆ ದಾರಿ ಇಂದಿಗೂ ಬಳಕೆಯಲ್ಲಿದೆ. ಅಳೆಯದೆ ಹೊಲಿಸಿಕೊಂಡವನು ಸಾಲ ಮಾಡಿ ಮತ್ತೊಮ್ಮೆ ಮೇಜಿನ ಮೇಲೆ ಮಲಗಬೇಕಾದೀತು.

ಕಾರ್ಖಾನೆಯವನಿಗೆ 1948ರ ಕಾಯಿದೆಯಿಂದ ಬಂದ ಇ.ಎಸ್.ಐ. ಉಂಟು. ದಿನಕ್ಕೊಬ್ಬರ ಮೂಟೆ ಇಳಿಸುವ ಹಮಾಲಿಗೆ ಧನಿ ಯಾರು? ಮೂಟೆ ಇಳಿಸಿಕೊಳ್ಳುವ ವ್ಯಾಪಾರಿ ಬಂಧುಗಳೂ ಇದಕ್ಕೆ ಉತ್ತರ ಹೇಳಬೇಕಾಗುತ್ತದೆ. ವೆನ್ಲಾಕ್ 1848ರಿಂದ ಈ ಊರಿನ ಬಡವರ ಆಸ್ಪತ್ರೆ. ಎರಡನೆಯ ಸಲ ಕೀಲು ತಪ್ಪಿ ಬಂದ ಯಾವನೇ ದುಡಿಮೆಗಾರನಿಗೆ ಅಲ್ಲಿ ಕಾಸಿಲ್ಲದೆ, ಕಾಯಿಸದೆ ಸಿ.ಟಿ. ಚಿತ್ರ ತೆಗೆದು ಕೊರತೆಯ ಅಳತೆಯನ್ನು ಅವನ ಚೀಟಿಯಲ್ಲಿ ಬರೆದುಕೊಡಬೇಕೆಂದು ಸರಕಾರ ಆಜ್ಞೆ ಮಾಡಲಿ. ಕೈ ಕಟ್ಟಿಕೊಂಡು ಕೂತ ವಾರಗಳ ಕೂಲಿಯನ್ನು ಹಮಾಲಿಗೆ ಯಾರು ಕೊಡಬೇಕೆಂಬುದೂ ಅದೇ ಆಜ್ಞೆಯಲ್ಲಿರಲಿ.